ಖಾಲಿ ಕಾರ್ಖಾನೆಯ ನವಿಲು: ಮೂಲೆಯಲ್ಲಿ ಬಿಟ್ಟ ಕಸ

"ಎಲ್ಲರೂ ಗೋಡೆ ನೋಡಿದ್ರು. ನೆಲ ನೋಡಿದವರು ಒಬ್ಬರೂ ಇಲ್ಲ," ಎಂದಳು ಪಂಕಜಾ, ನೆಲದ ಮೇಲೆ ಬೋರಲು ಮಲಗಿಕೊಂಡು.

ಐವತ್ತಮೂರರ ಹೆಂಗಸೊಬ್ಬಳು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹಳದಿ ಹೆಲ್ಮೆಟ್ ತೊಟ್ಟು, ಪಾಳುಬಿದ್ದ ಕಾರ್ಖಾನೆಯ ಧೂಳಿಗೆ ಕೆನ್ನೆ ತಾಗಿಸಿ ಮಲಗಿದರೆ ನೋಡಿದವರಿಗೆ ಗಾಬರಿಯಾಗಬೇಕು. ಬಾಗಿಲಲ್ಲಿ ನಿಂತಿದ್ದ ವಾಲ್ಟರ್‌ಗೆ ಆಯಿತು.

"ಆರ್ ಯು ಓಕೆ, ಮ್ಯಾಮ್?"

"ವೆರಿ ಓಕೆ," ಎಂದಳು ಪಂಕಜಾ ತಲೆಯೆತ್ತದೆ.

"ಏಳಿ ಆಂಟಿ. ಅರವತ್ತು ವರ್ಷದಿಂದ ಪಾರಿವಾಳ ಇಲ್ಲೇ ಹಿಕ್ಕೆ ಹಾಕ್ತಿವೆ," ಎಂದ ಸುಬ್ಬು.

"ಹಾಕಲಿ ಬಿಡೋ. ನಿನ್ನ ವೀಸಾಗಿಂತ ನನ್ನ ಜಾಕೆಟ್ ದೊಡ್ಡದಾ?"

 ಮಂಗಳವಾರ ಬೆಳಿಗ್ಗೆ ಈ ಗೋಡೆಯ ಮೇಲಿನ ನವಿಲು ಕಾಣೆಯಾದಾಗಿನಿಂದ ಸುಬ್ಬು ನಕ್ಕಿರಲಿಲ್ಲ. ನಾಳೆ ಭಾನುವಾರ ಸಂಜೆ ಐದು ಗಂಟೆಯೊಳಗೆ ಅದು ಸಿಗದಿದ್ದರೆ ವಾಲ್ಟರ್ ಅವನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡುವುದು ಖಾತ್ರಿ. ಆಮೇಲೆ ಸ್ಟೂಡೆಂಟ್ ವೀಸಾ ದೇವರಿಗೇ ಪ್ರೀತಿ.

ಅಮೆರಿಕಾದ ಮೆಟುಚೆನ್ ಊರು ದಾಟಿ ರೈಲು ಹಳಿಯ ಪಕ್ಕದಲ್ಲಿದ್ದ ಈ ಹ್ಯಾಲಿಡೇ ಟೈಲ್ ವರ್ಕ್ಸ್ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಹೋಟೆಲುಗಳ ಗೋಡೆಗಳಿಗೆ ಬಣ್ಣದ ಬಿಲ್ಲೆಗಳನ್ನು ಸುಟ್ಟು ಕೊಟ್ಟಿತ್ತು. ಈಗ ಉಳಿದಿರುವುದು ಗಿರಾಕಿಗಳಿಗೆ ಮಾದರಿ ತೋರಿಸುತ್ತಿದ್ದ ಈ ಹಾಲ್ ಒಂದೇ. ಇದರ ಉತ್ತರದ ಗೋಡೆಯಲ್ಲಿ ಹನ್ನೆರಡು ಬಿಲ್ಲೆಗಳ ಒಂದು ನೀಲಿ ನವಿಲು ಇತ್ತು. ಅದರ ಜಾಗದಲ್ಲಿ ಈಗ ಬೂದುಬಣ್ಣದ ಗಾರೆ. ಬಿಲ್ಲೆಗಳನ್ನು ಒಡೆದು ಕಿತ್ತಿರಲಿಲ್ಲ, ಸಂದಿನಲ್ಲಿ ಸಣ್ಣ ಗರಗಸ ಆಡಿಸಿ ಒಂದೊಂದನ್ನೇ ಬಿಡಿಸಿದ್ದರು. ಪುಡಿ ಬೀಳದಂತೆ ಕೆಳಗೆ ಬಟ್ಟೆಯನ್ನೂ ಹಾಸಿಕೊಂಡಿರಬೇಕು. ಅವಸರವೇ ಇಲ್ಲದ ಕೆಲಸ.

ಹಾಲ್‌ಗೆ ಇದ್ದದ್ದು ಎರಡೇ ಕೀ. ಒಂದು ಸಂರಕ್ಷಣಾ ಸಮಿತಿಯ ಕಾರ್ಯದರ್ಶಿ ವಾಲ್ಟರ್ ಬಳಿ. ಇನ್ನೊಂದು, ಯೂನಿವರ್ಸಿಟಿಯ ಪರವಾಗಿ ಈ ಕಟ್ಟಡದ ಮೂಲೆಮೂಲೆಯನ್ನೂ ಫೋಟೋ ತೆಗೆಯುತ್ತಿದ್ದ ಸುಬ್ಬುವಿನ ಬಳಿ.

ವಾರದ ಐದು ದಿನ ಪಂಕಜಾ ಮಾಡುವುದು ಫೋಟೋ ನೋಡುವ ಕೆಲಸ. ಇನ್ಶೂರೆನ್ಸ್ ಕಂಪನಿಗೆ ಬರುವ ಚಿತ್ರಗಳನ್ನು ದೊಡ್ಡದು ಮಾಡಿ, ಈ ಚಾವಣಿ ಆಲಿಕಲ್ಲು ಬಿದ್ದು ಒಡೆದದ್ದೋ ಮನೆಯವರೇ ಸುತ್ತಿಗೆ ಹಿಡಿದು ಒಡೆದದ್ದೋ ಹೇಳಬೇಕು. ಇಪ್ಪತ್ತು ವರ್ಷದಲ್ಲಿ ಅವಳು ಕಲಿತದ್ದು ಇಷ್ಟೇ: ಒಡೆದ ಜಾಗವನ್ನು ಎಲ್ಲರೂ ಚೆನ್ನಾಗಿ ಫೋಟೋ ತೆಗೆಯುತ್ತಾರೆ, ಸುಳ್ಳು ಇರುವುದು ಪಕ್ಕದಲ್ಲಿ.

"ಟ್ಯಾಬ್ಲೆಟ್ ಕೊಡು. ಭಾನುವಾರದ್ದು ಮೊದಲು."

ಭಾನುವಾರ ಮಧ್ಯಾಹ್ನ ಹನ್ನೆರಡರ ಚಿತ್ರ. ಗೋಡೆಯಲ್ಲಿ ನವಿಲು, ಕೆಳಗೆ ಬೆರಳು ದಪ್ಪದ ಧೂಳು.

"ಈಗ ಮಂಗಳವಾರದ್ದು."

ಮಂಗಳವಾರ ಬೆಳಿಗ್ಗೆ ವಾಲ್ಟರ್ ಎದುರಿನಲ್ಲೇ ತೆಗೆದದ್ದು. ನವಿಲಿಲ್ಲ. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲು ನೆಲದ ಒಂದೊಂದು ಗೆರೆಯನ್ನೂ ಎತ್ತಿ ತೋರಿಸುತ್ತಿತ್ತು. ಗೋಡೆಯ ಬುಡದಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಮಾತ್ರ ಸ್ವಚ್ಛವಾಗಿತ್ತು. ಅದರ ಅಂಚಿನ ತುಂಬ ಅರ್ಧಚಂದ್ರದ ಗುರುತುಗಳು, ಒಂದರ ಹಿಂದೆ ಒಂದು.

"ಇದನ್ನ ಯಾರು ಗುಡಿಸಿದ್ದು ಸುಬ್ಬು?"

"ಕಳ್ಳನೇ ಇರಬೇಕು. ಹೆಜ್ಜೆ ಗುರುತು ಅಳಿಸೋಕೆ."

"ಇಲ್ಲಿನ ಕಳ್ಳನಾದರೆ ಉದ್ದ ಹಿಡೀ ಪೊರಕೆ ನೂಕಿಕೊಂಡು ಹೋಗ್ತಾನೆ, ಗೆರೆ ನೆಟ್ಟಗೆ ಬೀಳತ್ತೆ. ಇದು ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಸರೀತಾ ಗುಡಿಸಿದ್ದು. ನಮ್ಮ ಹುಲ್ಲುಪೊರಕೆ ಕಣೋ ಇದು. ಎಡಿಸನ್‌ನ ಇಂಡಿಯನ್ ಅಂಗಡೀಲಿ ಅಕ್ಕಿ ಮೂಟೆ ಪಕ್ಕ ನೇತುಹಾಕಿರ್ತಾರಲ್ಲ, ಅದು."

ಸುಬ್ಬು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ಬಿಚ್ಚಿದ. ಮತ್ತೆ ಸುತ್ತಿಕೊಂಡ.

ಪಂಕಜಾ ಎದ್ದು ಮಂಡಿ ಕೊಡವಿಕೊಂಡು ಮೂಲೆಗೆ ಹೋದಳು. ಅಲ್ಲಿ ಧೂಳು, ಗಾಜಿನ ಚೂರು, ಪಾರಿವಾಳದ ಗರಿ ಎಲ್ಲವನ್ನೂ ಒಟ್ಟುಮಾಡಿ ಅಚ್ಚುಕಟ್ಟಾಗಿ ಗುಡ್ಡೆ ಹಾಕಿತ್ತು. ಎರಡು ಹೆಜ್ಜೆಯಾಚೆ ಬಾಗಿಲು, ಬಾಗಿಲಾಚೆ ಎಕರೆಗಟ್ಟಲೆ ಪಾಳುಜಾಗ. ಇಷ್ಟು ಕಷ್ಟಪಟ್ಟು ಗುಡಿಸಿದವರು ಎರಡು ಹೆಜ್ಜೆ ಹೋಗಿ ಹೊರಗೆ ಚೆಲ್ಲಲಿಲ್ಲ.

ಅವಳು ಕಸವನ್ನೂ ಬಾಗಿಲನ್ನೂ ಮತ್ತೆ ಮತ್ತೆ ನೋಡಿದಳು. ಜನ ಬಿಟ್ಟುಹೋದ ಕಟ್ಟಡದ ಮೌನಕ್ಕೆ ಒಂದು ಗುಣವಿದೆ, ಅದು ಕೇಳದೆ ಏನನ್ನೂ ಹೇಳುವುದಿಲ್ಲ. ಆದರೆ ಕೇಳಬೇಕಾದ್ದನ್ನೇ ಕೇಳಿದರೆ ಮುಚ್ಚಿಡುವುದೂ ಇಲ್ಲ.

ಪಂಕಜಾಳ ಮುಖ ಅರಳಿತು.

"ವಾಲ್ಟರ್! ಇದನ್ನ ಗುಡಿಸಿದ್ದು ಸೂರ್ಯ ಮುಳುಗಿದ ಮೇಲೆ."

"ಕಸ ನೋಡಿ ಗಂಟೆ ಹೇಳುತ್ತೀರಾ?" ಎಂದ ವಾಲ್ಟರ್ ಇಂಗ್ಲಿಷಿನಲ್ಲಿ.

"ನಮ್ಮಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕುವುದಿಲ್ಲ. ಬೆಳಗಿನವರೆಗೆ ಮೂಲೆಯಲ್ಲೇ ಇಡುತ್ತೇವೆ. ಇಲ್ಲದಿದ್ದರೆ ಲಕ್ಷ್ಮಿ ಮನೆಬಿಟ್ಟು ಹೊರಟುಹೋಗುತ್ತಾಳೆ."

ವಾಲ್ಟರ್ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. "ಈ ಲಕ್ಷ್ಮಿ ಯಾರು? ಅವಳ ಹತ್ತಿರವೂ ಕೀ ಇದೆಯೇ?"

ಐದು ದಿನದಲ್ಲಿ ಮೊದಲ ಸಲ ಸುಬ್ಬು ನಕ್ಕ.

"ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆಯೊಳಗೆ ಇದ್ದದ್ದು ಎರಡೇ ಸಂಜೆ," ಎಂದಳು ಪಂಕಜಾ. "ಭಾನುವಾರ ಸಂಜೆಯಿಡೀ ಸುಬ್ಬು ನನ್ನ ಮನೆಯಲ್ಲಿದ್ದ. ಬಿಸಿಬೇಳೆಬಾತ್ ಮೂರು ಸಲ ಹಾಕಿಸಿಕೊಂಡ, ನಾನೇ ಸಾಕ್ಷಿ. ಸೋಮವಾರ ಸಂಜೆ ಯೂನಿವರ್ಸಿಟಿಯ ಪಿಸ್ಕಾಟವೇ ಕ್ಯಾಂಪಸ್‌ನಲ್ಲಿ ಲ್ಯಾಬ್. ಹೌದಲ್ವೇನೋ?"

"ಹೂಂ," ಎಂದ ಸುಬ್ಬು.

"ಸರಿ," ಎಂದ ವಾಲ್ಟರ್, ಬರೆದುಕೊಳ್ಳುತ್ತ. "ಅವನ ಪ್ರೊಫೆಸರಿಗೆ ಇವತ್ತೇ ಇಮೇಲ್ ಹಾಕಿ ಕೇಳುತ್ತೇನೆ. ಅವರು ಹೌದೆಂದರೆ ನನಗೂ ಸಂತೋಷ. ಈ ಹುಡುಗನ ಚಿತ್ರಗಳು ನನಗಿಷ್ಟ."

ಸುಬ್ಬುವಿನ ನಗು ಬಂದಷ್ಟೇ ಬೇಗ ಹೋಯಿತು. ಪಂಕಜಾ ಅದನ್ನು ಕಂಡಳು. ಸುಸ್ತಾಗಿರಬೇಕು ಎಂದುಕೊಂಡಳು.

ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಬಲಗೈಯವರು ಬಲದಿಂದ ಎಡಕ್ಕೆ ಗುಡಿಸುತ್ತಾರೆ, ಧೂಳಿನ ದಿಣ್ಣೆ ಎಡತುದಿಯಲ್ಲಿ ನಿಲ್ಲುತ್ತದೆ. ಇಲ್ಲಿ ದಿಣ್ಣೆಯೆಲ್ಲ ಬಲತುದಿಯಲ್ಲಿತ್ತು, ಎಡಗೈಯ ಕೆಲಸ.

"ಸುಬ್ಬು, ನಿನ್ನ ಕೀ ಮನೇಲಿ ಎಲ್ಲಿರತ್ತೆ?"

"ಓಲ್ಡ್ ಬ್ರಿಡ್ಜ್‌ನಲ್ಲಿ... ಶಶಿಧರ ಅಂಕಲ್ ಅಡುಗೆಮನೇಲಿ. ಗ್ಯಾರೇಜ್ ಬಾಗಿಲ ಪಕ್ಕ ಮೊಳೆಗೆ."

ಸುಬ್ಬು ಬಾಡಿಗೆಗಿದ್ದದ್ದು ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ, ಶಶಿಧರನ ಮನೆಯ ಬೇಸ್‌ಮೆಂಟಿನಲ್ಲಿ. ಶಶಿಧರನ ಹೆಂಡತಿ ರೇಣು ಆಸ್ಪತ್ರೆಯಲ್ಲಿ ನರ್ಸ್. ರೇಣುವಿನ ತಾಯಿ ಶಿವಗಂಗಮ್ಮ ಗದಗಿನಿಂದ ಬಂದು ಐದು ತಿಂಗಳಾಗಿತ್ತು. ಬಂದ ತಿಂಗಳೇ ಅವರ ಬಲಭುಜ ಹಿಡಿದುಕೊಂಡಿದೆ ಎಂದು ರೇಣು ಸಿಕ್ಕವರಿಗೆಲ್ಲ ಹೇಳಿದ್ದಳು.

"ನಡಿ," ಎಂದಳು ಪಂಕಜಾ. "ಹಸಿವಾಗ್ತಿದೆ. ಶಿವಗಂಗಮ್ಮನವರ ಕೈಯ ರೊಟ್ಟಿ ತಿಂದು ಬಹಳ ದಿನ ಆಯ್ತು."

"ಅಲ್ಲಿಗೆ ಯಾಕೆ ಆಂಟಿ? ದಾರೀಲಿ ದೋಸೆ ತಿನ್ನೋಣ, ನಾನು ಕೊಡಿಸ್ತೀನಿ."

"ನೀನು ಕೊಡಿಸ್ತೀಯಾ? ಹಾಗಾದ್ರೆ ಅಲ್ಲೇನೋ ಇದೆ. ಹತ್ತು ಕಾರು."

*

ಓಲ್ಡ್ ಬ್ರಿಡ್ಜ್‌ನ ಆ ಅಡುಗೆಮನೆ ಹೊಳೆಯುತ್ತಿತ್ತು. ಒಲೆಯ ಹಿಂದಿನ ಗೋಡೆಗೆ ಶಶಿಧರ ತಾನೇ ರಜೆ ಹಾಕಿ ಟೈಲ್ಸ್ ಕೂರಿಸಿದ್ದ. ಬಂದವರಿಗೆಲ್ಲ ಅದನ್ನು ಮುಟ್ಟಿ ನೋಡಿ ಎನ್ನುತ್ತಿದ್ದ. ಇವತ್ತು ಅವನು ಮನೆಯಲ್ಲಿರಲಿಲ್ಲ. ರೇಣು ಡ್ಯೂಟಿಗೆ ಹೋಗಿದ್ದಳು.

ಶಿವಗಂಗಮ್ಮ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದರು. ಎಪ್ಪತ್ತೆರಡು ವರ್ಷ, ಕಾಸಗಲದ ಕುಂಕುಮ, ಕಣ್ಣಿನಲ್ಲಿ ಸದಾ ಯಾರನ್ನೋ ರೇಗಿಸುವ ಮಿಂಚು.

"ಬಾ ತಂಗಿ ಪಂಕಜಾ. ಏನಿದು, ಮೈತುಂಬ ಧೂಳ? ಹೊಲಾ ಉತ್ತು ಬಂದಿಯೇನ?"

"ಹಾಗೇ ಅಂದ್ಕೊಳ್ಳಿ ಅಮ್ಮ."

"ಕೂಡು. ಸುಬ್ಬೂ, ನೀ ಯಾಕ ಕಂಬದಂಗ ನಿಂತಿ? ಕೂಡೋ."

ಸುಬ್ಬು ಕೂರಲಿಲ್ಲ. ಬೇಸ್‌ಮೆಂಟಿನ ಮೆಟ್ಟಿಲ ಬಳಿ ಗೋಡೆಗೆ ಒರಗಿ ನಿಂತ. ಅವನೂ ಶಿವಗಂಗಮ್ಮನೂ ಒಬ್ಬರನ್ನೊಬ್ಬರು ಒಂದು ಕ್ಷಣ ನೋಡಿ, ಇಬ್ಬರೂ ಬೇರೆ ಕಡೆ ತಿರುಗಿದರು.

ಪಂಕಜಾ ಹಿಟ್ಟಿನ ತಟ್ಟೆಯನ್ನು ದಾಟಿಸುವ ನೆವದಲ್ಲಿ ಮೊಣಕೈ ತಾಗಿಸಿದಳು. ತಟ್ಟೆ ನೆಲಕ್ಕೆ ಬಿತ್ತು. ಜೋಳದ ಹಿಟ್ಟು ಅಡುಗೆಮನೆಯ ಅರ್ಧಕ್ಕೆ ಹರಡಿತು.

"ಅಯ್ಯ ನಿನ್ನ! ಅಮೆರಿಕಾಕ್ಕ ಬಂದು ಮೂವತ್ತು ವರ್ಷ ಆತು, ಒಂದು ತಾಟ ನೆಟ್ಟಗ ಹಿಡಿಯಾಕ ಬರೂದಿಲ್ಲೇನ?"

"ಸಾರಿ ಅಮ್ಮ. ವ್ಯಾಕ್ಯೂಮ್ ಎಲ್ಲಿದೆ?"

"ಅದು ಬ್ಯಾಡ, ದೆವ್ವ ಒದರಿದಂಗ ಒದರತೈತಿ. ಸರಿ ಅತ್ತಾಗ."

ಶಿವಗಂಗಮ್ಮ ಬಾಗಿಲ ಸಂದಿಯಿಂದ ಹುಲ್ಲಿನ ಕಸಬರಗಿ ಎಳೆದುಕೊಂಡರು. ಎಡಗೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತ ಗುಡಿಸಿದರು. ಹಿಟ್ಟಿನಲ್ಲಿ ಅರ್ಧಚಂದ್ರಗಳು ಒಂದರ ಹಿಂದೆ ಒಂದು ಮೂಡಿದವು, ದಿಣ್ಣೆಯೆಲ್ಲ ಬಲತುದಿಗೆ. ಎಲ್ಲವನ್ನೂ ಮೊರಕ್ಕೆ ಎತ್ತಿಕೊಂಡು ಹಿಂಬಾಗಿಲು ತೆರೆದು ಹಿತ್ತಲಿನ ಡಬ್ಬಿಗೆ ಹಾಕಿ ಬಂದರು.

"ಹೊರಗೆ ಹಾಕಿಬಿಟ್ರಲ್ಲ?" ಎಂದಳು ಪಂಕಜಾ, ತೀರ ಸಹಜವಾಗಿ.

"ಹಾಕಬಾರದೇನ?"

"ಮತ್ತೆ ಸೋಮವಾರ ಯಾಕೆ ಮೂಲೇಲೇ ಬಿಟ್ಟು ಬಂದ್ರಿ?"

"ದೀಪಾ ಹಚ್ಚೂ ಹೊತ್ತಿನಾಗ ಯಾರರೇ ಕಸಾ ಹೊರಗ ಚೆಲ್ಲತಾರೇನ, ನಿನಗಷ್ಟೂ..."

ಮಾತು ಅಲ್ಲಿಗೇ ನಿಂತಿತು.

ಫೋನಿನಲ್ಲಿ ಸುಳ್ಳು ಕ್ಲೇಮ್ ಹೇಳುವವರ ಮೌನ ಪಂಕಜಾಳಿಗೆ ಗೊತ್ತಿತ್ತು. ಅದು ಮುಂದಿನ ಸುಳ್ಳನ್ನು ಹುಡುಕುವ ಮೌನ. ಇದು ಹಾಗಿರಲಿಲ್ಲ. ಇನ್ನೊಬ್ಬರಿಗೆ ಕೊಟ್ಟ ಮಾತನ್ನು ಬಾಯೊಳಗೆ ಹಿಡಿದುಕೊಂಡ ಮೌನ. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯಾಡಿತು.

"ಸುಬ್ಬೂ," ಎಂದರು ಶಿವಗಂಗಮ್ಮ ಕೊನೆಗೆ, "ಈಕಿ ಭಾಳ ಬೆರಕಿ ಹೆಂಗಸ ಅದಾಳೋ."

"ಅಮ್ಮ, ಕಸ ನೀವೇ ಗುಡಿಸಿದ್ದು."

"ಖರೆ. ಕಸಾ ನಾನ ಹೊಡದೀನಿ. ನವಿಲ ನಾ ಒಯ್ದಿಲ್ಲವಾ, ಆ ಪಾಪ ನನಗ ಬ್ಯಾಡ."

"ಅಲ್ಲಿಗೆ ಕರ್ಕೊಂಡು ಹೋದವರು ಯಾರು?"

ಶಿವಗಂಗಮ್ಮ ಸೀದ ರೊಟ್ಟಿಯನ್ನು ಹಂಚಿನಿಂದ ಎಳೆದು ಹಾಕಿದರು. ಉತ್ತರ ಬಂದದ್ದು ಮೆಟ್ಟಿಲ ಕಡೆಯಿಂದ.

"ನಾನು ಆಂಟಿ."

ಪಂಕಜಾ ತಿರುಗಿದಳು. ಬೆಳಿಗ್ಗೆಯಿಂದ ಕಟ್ಟಿದ್ದೆಲ್ಲ ಒಂದೇ ಮಾತಿಗೆ ಕುಸಿದಿತ್ತು. ಅವನನ್ನು ಉಳಿಸಬೇಕಾಗಿದ್ದ ಕಸವೇ ಅವನನ್ನು ಆ ಹಾಲ್‌ನೊಳಗೆ ತಂದು ನಿಲ್ಲಿಸಿತ್ತು.

"ಲ್ಯಾಬ್?"

"ಫ್ರೆಂಡ್‌ಗೆ ಒಪ್ಪಿಸಿ ಬಂದಿದ್ದೆ."

"ಕತ್ತೆ! ವಾಲ್ಟರ್ ನಿಮ್ಮ ಪ್ರೊಫೆಸರಿಗೆ ಇಮೇಲ್ ಹಾಕ್ತಿದ್ದಾನೆ. ನನ್ನ ಹತ್ತಿರಾನೂ ಸುಳ್ಳು ಹೇಳಿದೆಯಾ?"

"ಅಂವಗ ಬೈಬ್ಯಾಡ," ಎಂದು ಶಿವಗಂಗಮ್ಮ ಮಧ್ಯೆ ಬಂದರು. "ತಪ್ಪ ನಂದು. ನಮ್ಮಕ್ಕ ಚನ್ನಮ್ಮ ಅದಾಳಲ್ಲ, ಮಗನ ಮನಿಗೆ ನ್ಯೂಯಾರ್ಕಿಗೆ ಬಂದಾಗ ಮುಗಿಲಿಗೆ ಹತ್ತೋ ಕಟ್ಟಡದ ಮುಂದ ನಿಂತು ಫೋಟೋ ತಗಿಸ್ಕೊಂಡು ಊರ ತುಂಬ ಹಂಚಿದಳು. ನಾಕು ವರ್ಷ ಆತು, ಇನ್ನೂ ಅದನ್ನ ಹೇಳತಾಳ. ನಾ ಐದು ತಿಂಗಳಾತು ಬಂದು, ಬರೇ ಇಂಡಿಯನ್ ಅಂಗಡಿ, ಗುಡಿ, ರೇಣೂನ ಮನಿ. ಇಂವ ಆ ನವಿಲಿನ ಫೋಟೋ ತೋರಿಸಿದಾ. ಯಪ್ಪಾ, ನನ್ನನ್ನ ಅದರ ಮುಂದ ಒಮ್ಮೆ ಕೂಡಸೋ ಅಂದೆ. ಅಳಿಯ ಶಿಕಾಗೋಕ್ಕ ಹೋಗಿದ್ದ, ರೇಣು ಡ್ಯೂಟಿ ಮ್ಯಾಲ ಇದ್ದಳು, ಕೇಳೋರ ಯಾರು?"

"ಪೊರಕೆ ಸಮೇತ?"

"ಇಳಕಲ್ ಸೀರಿ ಉಟ್ಕೊಂಡು ಆ ಹೊಲಸಿನಾಗ ಕೂಡಲೇನ?"

ನಗಬಾರದೆಂದುಕೊಂಡರೂ ಪಂಕಜಾಳಿಗೆ ನಗು ಬಂತು. ಹಿಂದೆಯೇ ಭಯವೂ ಬಂತು.

"ಪರ್ಮಿಟ್‌ನಲ್ಲಿ ನನ್ನ ಒಬ್ಬನ ಹೆಸರೇ ಇರೋದು ಆಂಟಿ," ಎಂದ ಸುಬ್ಬು. "ಬೇರೆಯವರನ್ನ ಒಳಗೆ ಬಿಟ್ಟೆ ಅಂತ ಗೊತ್ತಾದ್ರೆ ಅವತ್ತೇ ಕ್ಯಾನ್ಸಲ್. ಅದಕ್ಕೇ ಇಬ್ಬರೂ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಕೊಂಡ್ವಿ. ಮಾರನೇ ದಿನ ನವಿಲೇ ಹೋಯ್ತು. ಆಮೇಲೆ ಹೇಳಿದ್ರೆ ಯಾರು ನಂಬ್ತಾರೆ?"

"ನೀವು ಹೊರಡುವಾಗ ನವಿಲು ಇತ್ತಾ?"

"ಇತ್ತು. ಎಂಟು ಗಂಟೆಗೆ ಬೀಗ ಹಾಕಿ, ಮನೆಗೆ ಬಂದು ಕೀ ಅದೇ ಮೊಳೆಗೆ ನೇತುಹಾಕಿದೆ."

"ಫೋಟೋ?"

ಸುಬ್ಬು ಕ್ಯಾಮೆರಾ ಆನ್ ಮಾಡಿ ಮೇಜಿನ ಮೇಲಿಟ್ಟ.

ಸೋಮವಾರ, ಏಳು ಐವತ್ತು. ಚೊಕ್ಕವಾಗಿ ಗುಡಿಸಿದ ನೆಲ. ದೀಪದ ಬೆಳಕಿನಲ್ಲಿ ನವಿಲಿನ ಹನ್ನೆರಡು ಬಿಲ್ಲೆಗಳೂ ಕೆರೆಯ ನೀರಿನಂತೆ ಹೊಳೆಯುತ್ತಿದ್ದವು. ಅದರ ಮುಂದೆ ಮೊಣಕಾಲು ಮಡಿಸಿ, ಕೆಂಪು ಸೆರಗು ಹರಡಿ, ಯಾವುದೋ ಸಂಸ್ಥಾನದ ರಾಣಿಯ ಹಾಗೆ ಶಿವಗಂಗಮ್ಮ ಕೂತಿದ್ದರು. ಬಾಯ್ತುಂಬ ನಗು.

"ಎಷ್ಟು ಚೆನ್ನಾಗಿದೀರಿ!" ಎಂದುಬಿಟ್ಟಳು ಪಂಕಜಾ.

"ಹೌದಲ್ಲ? ಚನ್ನಮ್ಮ ಉರಕೊಂಡು ಸಾಯಬೇಕು."

"ಅಮ್ಮ, ಈ ಫೋಟೋ ಇವನನ್ನ ಉಳಿಸತ್ತೆ. ಸೋಮವಾರ ರಾತ್ರಿ ಎಂಟರವರೆಗೆ ನವಿಲು ಗೋಡೆ ಮೇಲಿತ್ತು, ಅಲ್ಲಿಂದ ಇವನು ನೇರ ಮನೆಗೆ ಬಂದ, ರಾತ್ರಿ ಮತ್ತೆ ಹೊರಗೆ ಹೋಗಲಿಲ್ಲ ಅಂತ ನೀವು ವಾಲ್ಟರ್ ಎದುರು ಹೇಳಬೇಕು. ಪರ್ಮಿಟ್ ಹೋದ್ರೆ ಹೋಗಲಿ. ವೀಸಾ ಉಳಿಯತ್ತೆ."

"ಹೇಳತೀನಿ. ಈಗಲೇ ನಡಿ. ನಾ ಯಾರಿಗಿ ಅಂಜೂದು?"

ಪಂಕಜಾ ಅಭ್ಯಾಸಬಲದಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಶಿವಗಂಗಮ್ಮನ ಮುಖ ದಾಟಿ, ನವಿಲಿನ ಗರಿ ದಾಟಿ, ಅಂಚಿನ ಕಡುನೀಲಿ ಬಿಲ್ಲೆಗೆ ಬಂದಳು. ಕನ್ನಡಿಯಂಥ ಮೆರುಗು. ಅದರಲ್ಲಿ ದೀಪ. ದೀಪದ ಪಕ್ಕ ಕ್ಯಾಮೆರಾಕ್ಕೆ ಬಗ್ಗಿದ ಸುಬ್ಬು. ಅವನ ಹಿಂದೆ ತೆರೆದ ಬಾಗಿಲು.

ಬಾಗಿಲಲ್ಲಿ ಇನ್ನೊಬ್ಬ.

"ಸುಬ್ಬು, ನಿಮ್ಮ ಜೊತೆ ಬೇರೆ ಯಾರಿದ್ರು?"

"ಯಾರೂ ಇರಲಿಲ್ಲ ಆಂಟಿ. ನಾವಿಬ್ಬರೇ."

ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನಿಂತ ಭಂಗಿ. ಬೆನ್ನ ಹಿಂದಿನಿಂದ ಎಡಗೈ ತಂದು ಬಲ ಮೊಣಕೈ ಹಿಡಿದುಕೊಂಡು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಳಗಿನದನ್ನು ಆರಾಮಾಗಿ ನೋಡುತ್ತ ನಿಂತಿದ್ದ ಗಂಡಸು.

ಶಿವಗಂಗಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನೋಡಿದರು. ಇನ್ನೊಮ್ಮೆ ನೋಡಿದರು. ಮುಖದ ಮೇಲಿನ ಮಿಂಚು ದೀಪ ಆರಿದಂತೆ ಆರಿತು.

"ಅಯ್ಯ ಶಿವನೇ. ಇಂವ ಅಲ್ಲಿಗೆ ಯಾವಾಗ ಬಂದಿದ್ದ?"

"ಯಾರಮ್ಮ?"

ಅವರು ಹೇಳುವ ಮೊದಲೇ ಗೋಡೆಯಾಚೆ ಗ್ಯಾರೇಜ್ ಬಾಗಿಲು ಗಡಗಡನೆ ಮೇಲೇಳುವ ಸದ್ದು ಕೇಳಿಸಿತು. ಕಾರು ಒಳಗೆ ಬಂದು ನಿಂತಿತು.

ಶಿವಗಂಗಮ್ಮನ ಎಡಗೈ ಚಕ್ಕನೆ ಮುಂದೆ ಬಂತು. ಕ್ಯಾಮೆರಾ ಎತ್ತಿಕೊಂಡು, ಜೋಳದ ಹಿಟ್ಟಿನ ದೊಡ್ಡ ಡಬ್ಬಿಯೊಳಗೆ ಹುದುಗಿಸಿ, ಮುಚ್ಚಳ ಒತ್ತಿದರು. ಸುಬ್ಬು "ಅಜ್ಜಿ!" ಎಂದು ಒಂದು ಹೆಜ್ಜೆ ಇಟ್ಟವನು ಅಲ್ಲೇ ನಿಂತ.

ಬಾಗಿಲು ತೆರೆದು ಶಶಿಧರ ಬಂದ. ಒಂದು ಕೈಯಲ್ಲಿ ಸಿಹಿಯ ಡಬ್ಬಿ, ಮುಖದ ತುಂಬ ಎಂದಿನ ನಗು.

"ಓಹೋ, ಪಂಕಜಾ ಅವರೂ ಅದಾರ! ಅತ್ತಿ, ರೊಟ್ಟಿ ಸೀದ ವಾಸನಿ ರಸ್ತೆತನಕ ಬರಾಕತ್ತೈತಿ. ಏನ್ರಿ, ಎಲ್ಲಾರೂ ಹಿಂಗ ಸುಮ್ನ ನಿಂತೀರಿ?"

 ಅವನು ಸಿಹಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬೆನ್ನ ಹಿಂದೆ ಎಡಗೈ ಕೊಂಡೊಯ್ದು ಬಲ ಮೊಣಕೈ ಹಿಡಿದುಕೊಂಡು, ತಲೆ ವಾಲಿಸಿ ಸುಬ್ಬುವನ್ನು ನೋಡಿದ.

"ಏ ಸುಬ್ಬು, ಸೋಮವಾರ ತಗದ ಫೋಟೋ ನನಗೊಮ್ಮೆ ತೋರಸಪಾ. ಅತ್ತಿ ಭಾಳ ಚಂದ ಬಂದಾರೇನ?"

ಅವನು ಶಿಕಾಗೋದಿಂದ ಬಂದದ್ದು ಬುಧವಾರ ಎಂದು ಈ ಮನೆಯಲ್ಲಿ ಎಲ್ಲರೂ ನಂಬಿದ್ದರು.

ಸುಬ್ಬು ಶಿವಗಂಗಮ್ಮನತ್ತ ನೋಡಿದ. ಪಂಕಜಾ ಕೂಡ ನೋಡಿದಳು. ಸುಬ್ಬುವಿನ ಪರವಾಗಿ ಹೇಳಬಲ್ಲವರು ಜಗತ್ತಿನಲ್ಲಿ ಆ ಒಬ್ಬರೇ. ಎದುರಿಗೆ ನಿಂತವನು ಅವರ ಮಗಳ ಗಂಡ. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲಿದ್ದ ಕೈಯನ್ನು ಅವರು ತೆಗೆಯಲಿಲ್ಲ.

"ಯಾವ ಸೋಮವಾರ?" ಎಂದರು ಶಿವಗಂಗಮ್ಮ, ಯಾರ ಮುಖವನ್ನೂ ನೋಡದೆ. "ಸೋಮವಾರ ನಾ ಮನೀ ಬಿಟ್ಟು ಎಲ್ಲಿಗೂ ಹೋಗಿಲ್ಲಪಾ."